ಒಂದು ಕಾಳಿನ ಪಾಲು

ಕೆಲವರಿಗೆ ಕೋಳಿ ಅಂಕದ ಹುಚ್ಚು, ಕೆಲವರಿಗೆ ಯಕ್ಷಗಾನದ ಹುಚ್ಚು. ಬಂಟ್ವಾಳದ ಶಂಭು ಆಚಾರಿಗೆ ಇದ್ದದ್ದು ಹಳೆಯ ಪೆಟ್ರೋಲ್ ಪಂಪುಗಳ ಹುಚ್ಚು. ನಗುವವರು ನಗಲಿ. ಅವನ ಹೆಂಡತಿ ರಾಜೀವಿಯೇ ನಗುತ್ತಿದ್ದಳು, ನಗು ಮುಗಿದ ಮೇಲೆ ಬೈಯುತ್ತಿದ್ದಳು. ಕಂಚು ಹಿತ್ತಾಳೆಯ ಕೆಲಸದಲ್ಲಿ ಮೂರು ತಲೆಮಾರಿನಿಂದ ಹೆಸರು ಮಾಡಿದ ಮನೆ ಅದು; ದೀಪ, ಗಂಟೆ, ಅಳತೆಯ ಸೇರು, ಕುಡ್ತೆ, ಏನು ಹೇಳಿದರೂ ಮಾಡಿಕೊಡುವ ಕೈ. ಅಂಥವನು ಎಲ್ಲಾ ಬಿಟ್ಟ ಮಗ ಭಂಗಿ ನೆಟ್ಟ ಎಂಬ ಹಾಗೆ ಗುಜರಿಗೆ ಬಿದ್ದ ಪಂಪುಗಳನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದು ಹಟ್ಟಿಯ ಪಕ್ಕದ ಕೊಟ್ಟಿಗೆಯಲ್ಲಿ ನಿಲ್ಲಿಸುತ್ತಿದ್ದ. ಆಳೆತ್ತರದ ಕಬ್ಬಿಣದ ಮೈ, ಮೇಲೊಂದು ಗುಂಡು ತಲೆ. ಸಾಲಾಗಿ ಏಳು.

“ನಿನ್ನೆ ಬಂದ ನೆಂಟರು ಕೇಳಿದ್ರು, ನಿಮ್ಮ ಕೊಟ್ಟಿಗೆಯಲ್ಲಿ ಪೊಲೀಸರು ಯಾಕೆ ನಿಂತಿದ್ದಾರೆ ಅಂತ,” ಎನ್ನುತ್ತಿದ್ದಳು ರಾಜೀವಿ. “ನಾನೆಂತ ಹೇಳ್ಲಿ? ನಮ್ಮವರ ಎರಡನೇ ಸಂಸಾರ ಅಂತ ಹೇಳ್ಲಾ?”

ಅದು ಅರವತ್ತನಾಲ್ಕನೆಯ ಇಸವಿ. ಸೇರು ಹೋಗಿ ಕಿಲೋ ಬಂದಿತ್ತು, ಗ್ಯಾಲನ್ ಹೋಗಿ ಲೀಟರ್ ಬಂದಿತ್ತು. ರಸ್ತೆ ಬದಿಯಲ್ಲಿ ಕೈಯಿಂದ ಹೊಡೆಯುತ್ತಿದ್ದ ಗ್ಯಾಲನ್ ಪಂಪುಗಳನ್ನೆಲ್ಲ ಕಿತ್ತು ಎಸೆದು, ಕರೆಂಟಿನವನ್ನು ಹಾಕುತ್ತಿದ್ದರು. ಈಗಿನವರಿಗೆ ಆ ಹಳೆಯ ಪಂಪು ಹೇಗಿತ್ತೆಂದು ಹೇಳದಿದ್ದರೆ ಈ ಕತೆ ತಿಳಿಯುವುದಿಲ್ಲ. ಅದರ ತಲೆಯಲ್ಲಿ ಎರಡು ಗಾಜಿನ ಜಾಡಿ, ಒಂದೊಂದು ಒಂದು ಗ್ಯಾಲನ್ನಿನದು. ಹಿಡಿಕೆ ಹಿಡಿದು ಆಚೀಚೆ ಎಳೆದರೆ ನೆಲದಡಿಯ ಟಾಂಕಿಯಿಂದ ಪೆಟ್ರೋಲ್ ಮೇಲೇರಿ ಒಂದು ಜಾಡಿ ತುಂಬುತ್ತದೆ. ಅದು ಗಾಡಿಗೆ ಇಳಿಯುವಾಗ ಮತ್ತೊಂದು ತುಂಬುತ್ತದೆ. ಜಾಡಿಯ ಒಳಗೆ ಬೆರಳು ದಪ್ಪದ ಹಿತ್ತಾಳೆ ಕೊಳವೆಯೊಂದು ನೆಟ್ಟಗೆ ನಿಂತಿರುತ್ತದೆ. ಪೆಟ್ರೋಲ್ ಆ ಕೊಳವೆಯ ಬಾಯಿಗಿಂತ ಮೇಲೆ ಬಂದರೆ, ಹೆಚ್ಚಾದದ್ದು ಕೊಳವೆಯೊಳಗೆ ಬಿದ್ದು ವಾಪಸು ಟಾಂಕಿಗೆ ಹೋಗುತ್ತದೆ. ಹಾಗಾಗಿ ಕೊಳವೆ ಎಷ್ಟು ಎತ್ತರವೋ ಅಳತೆ ಅಷ್ಟೇ. ಇಷ್ಟು ನೆನಪಿದ್ದರೆ ಸಾಕು.

ಪಂಪನ್ನು ಗುರುತು ಹಿಡಿಯುವುದರಲ್ಲಿ ಶಂಭುವಿಗೆ ಸಮಾನರಿರಲಿಲ್ಲ. ಕಂಪೆನಿಯ ಹೆಸರಿನ ತಗಡು ಹಿತ್ತಾಳೆಯದಾದ್ದರಿಂದ ಮೊದಲು ಕಳುವಾಗುವುದೇ ಅದು. ಇವನು ಬುಡದ ಎರಕದಲ್ಲಿರುವ ನಂಬ್ರ ನೋಡುವನು, ಬಾಗಿಲಿನ ತಿರುಗಣೆ ನೋಡುವನು, ಬೋಲ್ಟು ಬಿಚ್ಚಿ ಅದರ ಸುರುಳಿ ಪಿರಿಯನ್ನು ಉಗುರಿನಿಂದ ಮುಟ್ಟಿ ನೋಡುವನು. ಆಮೇಲೆ ಹೊಳೆಯ ಮರುವಾಯಿ ಚಿಪ್ಪಿನಿಂದ ಬಣ್ಣ ಕೆರೆಯುವನು. ಚಾಕು ಹಾಕಿದರೆ ಅಡಿಯ ಬಣ್ಣವೂ ಹೋಗುತ್ತದೆ, ಚಿಪ್ಪು ಹಾಗಲ್ಲ, ಒಂದೊಂದೇ ಪದರ ಬಿಡಿಸುತ್ತದೆ. ಮೇಲಿನ ಬೂದಿ ಬಣ್ಣ ಕೊನೆಯ ಧಣಿಯದು, ಅದರಡಿಯ ಹಸಿರು ಅವನಿಗಿಂತ ಹಿಂದಿನವನದು, ಎಲ್ಲಕ್ಕಿಂತ ಅಡಿಯದು ಹುಟ್ಟುಬಣ್ಣ. ಆ ಹುಟ್ಟುಬಣ್ಣ ಕಂಡ ದಿವಸ ಅವನು ಊಟಕ್ಕೆ ಎರಡು ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದ.

ಎಂಟನೆಯ ಪಂಪು ಬೇಕೆಂದು ಹೇಳಿದವರು ಮೂಡುಬಿದಿರೆಯ ವೀರರಾಜ ಬಲ್ಲಾಳರು. ಮಾಣಿಯ ಜಂಕ್ಷನ್ನಿನಲ್ಲಿ ಒಂದು ಕಾಲಕ್ಕೆ ಅವರದೇ ಪಂಪಿತ್ತು, ಐವತ್ತೈದರಲ್ಲಿ ಮಾರಿಬಿಟ್ಟಿದ್ದರು. ಈಗ ವಯಸ್ಸಾಯಿತು, ಹೊಸ ಮನೆಯೂ ಆಯಿತು.

“ಅದು ನಮ್ಮ ತಂದೆ ಹಾಕಿಸಿದ್ದು ಶಂಭು. ಎಲ್ಲಿ ಬಿದ್ದುಂಟೋ ಹುಡುಕು. ಚಾವಡಿಯ ಎದುರು ನಿಲ್ಲಿಸುವ. ನಿನ್ನಿಂದ ಆಗದಿದ್ದರೆ ಇನ್ಯಾರಿಂದ ಆಗ್ತದೆ?” ಎಂದರು.

ಶಂಭುವಿಗೂ ಅದೇ ಬೇಕಿತ್ತು. ಅವನು ಜೀವಮಾನದಲ್ಲಿ ಮೊದಲು ರಿಪೇರಿ ಮಾಡಿದ ಪಂಪು ಅದು, ಐವತ್ತೊಂದರಲ್ಲಿ. ಬೆಳ್ತಂಗಡಿ ನೋಡಿದ, ನಾರಾವಿಗೆ ಹೋದ, ಘಟ್ಟದ ಬುಡದ ತನಕ ಅಲೆದ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ! ಅದು ಇದ್ದದ್ದು ಮೂಡುಬಿದಿರೆಯಲ್ಲೇ, ಬಲ್ಲಾಳರ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ, ಅಬ್ದುಲ್ ಶುಕೂರನ ಗುಜರಿ ಅಂಗಡಿಯ ಹಿತ್ತಿಲಲ್ಲಿ, ಅಡ್ಡಬಿದ್ದು.

“ಕೊಡ್ಲಿಕ್ಕಾಗುದಿಲ್ಲ ಆಚಾರ್ರೆ,” ಎಂದ ಶುಕೂರ್. “ಅದರ ಹೊಟ್ಟೆಯಲ್ಲಿ ನನ್ನ ಕೋಳಿ ಕಾವಿಗೆ ಕೂತಿದೆ. ಮರಿ ಆಗುವವರೆಗೆ ನೀವು ಚಿನ್ನ ಕೊಟ್ಟರೂ ಅದು ಏಳುದಿಲ್ಲ.”

ಹದಿನಾಲ್ಕು ದಿನ ಕಾದು, ಕೋಳಿ ಒಂಬತ್ತು ಮರಿಗಳೊಂದಿಗೆ ಎದ್ದುಹೋದ ಮೇಲೆ ಶಂಭು ಪಂಪನ್ನು ಗಾಡಿಗೆ ಹಾಕಿಸಿಕೊಂಡ. ಮನೆಗೆ ತಂದು ಚಿಪ್ಪು ಹಿಡಿದು ಕೂತರೆ ಬೂದಿಯ ಅಡಿಗೆ ಹಸಿರು, ಹಸಿರಿನ ಅಡಿಗೆ ಕುಂಕುಮದಂಥ ಕೆಂಪು. ಬಾಗಿಲ ಮೂಲೆಯಲ್ಲಿ ಎತ್ತಿನ ಗಾಡಿ ಗುದ್ದಿದ ತಗ್ಗು. ಒಳಗಿನ ಎರಡು ಕೊಳವೆಗಳ ಬುಡದಲ್ಲಿ ಮೂರು ಮೂರು ಚುಕ್ಕೆ. ಅದು ಅವನ ಮನೆಯ ಗುರುತು. ಅಪ್ಪ ಹೊಡೆಯುತ್ತಿದ್ದ, ಅಪ್ಪನ ನಂತರ ಇವನು. ಮಾಣಿಯ ಪಂಪೇ, ಸಂಶಯವಿಲ್ಲ. ಶಂಭು ಒಬ್ಬನೇ ಕೂತು ನಕ್ಕ.

ಒಂದೂವರೆ ತಿಂಗಳು ಅದರ ಸೇವೆ ನಡೆಯಿತು. ತುಕ್ಕು ತೆಗೆದು, ಚರ್ಮದ ವಾಷರು ಕೊಯ್ದು ಹಾಕಿ, ಒಡೆದ ಒಂದು ಜಾಡಿಗೆ ಮತ್ತೊಂದು ಪಂಪಿನದನ್ನು ಕೂರಿಸಿ, ಕೆಂಪು ಬಳಿದ. ಬರುವ ಭಾನುವಾರ ಬಲ್ಲಾಳರು ಬರುವುದೆಂದು ನಿಶ್ಚಯವಾಯಿತು. ಅದಕ್ಕೆ ಐದು ದಿನ ಮುಂಚೆ, ಅವನು ಯಾವಾಗಲೂ ಮಾಡುವ ಹಾಗೆ, ಪಂಪಿನ ಅಡಿಗೆ ನೀರಿನ ಡ್ರಮ್ಮು ಇಟ್ಟು ಅಳತೆ ನೋಡಿದ. ಜಾಡಿ ತುಂಬಿತು. ಹೆಚ್ಚಾದ ನೀರು ಕೊಳವೆಗೆ ಬಿದ್ದು ಕೆಳಗೆ ಹೋಯಿತು. ಜಾಡಿಯ ನೀರನ್ನು ಸರಕಾರದ ಮೊಹರಿನ ಗ್ಯಾಲನ್ ಡಬ್ಬಕ್ಕೆ ಬಿಟ್ಟ. ಡಬ್ಬ ಕಂಠದವರೆಗೆ ತುಂಬಿತು, ಮತ್ತೆ ಚೆಲ್ಲಿತು.

ಡಬ್ಬ ನೆಗ್ಗಿರಬೇಕೆಂದು ತಿರುಗಿಸಿ ನೋಡಿದ. ನೆಗ್ಗಿರಲಿಲ್ಲ. ಮತ್ತೆ ಬಿಟ್ಟ, ಮತ್ತೆ ಚೆಲ್ಲಿತು. ಮೂರನೆಯ ಸಲ ಚೆಲ್ಲಿದ್ದನ್ನು ಬಟ್ಟಲಲ್ಲಿ ಹಿಡಿದು ಅಳೆದ. ಅರ್ಧ ಕುಡ್ತೆ. ಆಗ ಅವನು ಅದೇ ಕಂಪೆನಿಯ ಇನ್ನೊಂದು ಪಂಪಿನ ಕೊಳವೆಯನ್ನು ಬಿಚ್ಚಿ ತಂದು ಇದರ ಪಕ್ಕ ನಿಲ್ಲಿಸಿದ. ಮೂರು ಚುಕ್ಕೆಯದು ಎತ್ತರವಿತ್ತು. ಎಷ್ಟು ಎತ್ತರ ಎಂದು ಅವನಿಗೆ ಅಳೆಯದೆಯೇ ಗೊತ್ತಾಯಿತು. ಆದರೂ ಒಳಗೆ ಹೋಗಿ ರಾಜೀವಿಯ ಗೆರಸೆಯಿಂದ ಒಂದು ಅಕ್ಕಿ ಕಾಳು ತಂದು ಎರಡರ ನಡುವೆ ಹಿಡಿದ. ಸರಿಯಾಗಿ ಒಂದು ಕಾಳಿನ ಉದ್ದ.

ಅವನ ಮನೆಯಲ್ಲಿ ಒಂದು ಕ್ರಮವಿತ್ತು. ಸೇರು, ಪಾವು, ಕುಡ್ತೆ, ಯಾವ ಅಳತೆಯ ಪಾತ್ರೆ ಮಾಡಿದರೂ ಬಾಯಿಯಲ್ಲಿ ಒಂದು ಕಾಳಿನಷ್ಟು ಹೆಚ್ಚು ಬಿಡಬೇಕು. ಅಳೆದು ಕೊಡುವವನ ಕೈ ಎಷ್ಟೇ ಬಿಗಿಯಾದರೂ, ಪಡೆಯುವವನಿಗೆ ಕಡಿಮೆಯಾಗಬಾರದು. ಕಡಿಮೆಯಾದರೆ ಆ ಪಾಪ ಪಾತ್ರೆ ಮಾಡಿದವನಿಗೆ. ‘ಕಾಳಿನ ಪಾಲು’ ಎಂದು ಅಪ್ಪ ಹೇಳುತ್ತಿದ್ದ. ಐವತ್ತೊಂದರಲ್ಲಿ ಮಾಣಿಯ ಪಂಪಿನ ಒಂದು ಕೊಳವೆ ಬಿರುಕು ಬಿಟ್ಟಾಗ, ಜೋಡಿ ಸಮವಿರಲಿ ಎಂದು ಶಂಭು ಎರಡನ್ನೂ ಹೊಸದಾಗಿ ಮಾಡಿ ಕೂರಿಸಿದ್ದ. ಭಕ್ತಿಯಿಂದಲೇ ಕಾಳಿನ ಪಾಲು ಬಿಟ್ಟಿದ್ದ. ಭತ್ತ ಅಳೆಯುವಲ್ಲಿ ಅದು ಧರ್ಮ. ಪೆಟ್ರೋಲ್ ಅಳೆಯುವಲ್ಲಿ ಅದು ಏನೆಂದು ಇಪ್ಪತ್ತಾರು ವರ್ಷದ ಆ ತಲೆಗೆ ಹೊಳೆಯಲೇ ಇಲ್ಲ.

ಆಗ ಆ ಪಂಪು ಹೊಡೆಯುತ್ತಿದ್ದವನು ಮೂಸಾ, ಮಡಂತ್ಯಾರಿನ ಬ್ಯಾರಿ, ಶಂಭುವಿಗಿಂತ ನಾಲ್ಕು ವರ್ಷ ದೊಡ್ಡವನು. ಭತ್ತ ಅಳೆಯುವವರ ಹಾಗೆ ಮೊದಲ ಗ್ಯಾಲನ್ನಿಗೆ ಒಂದು ಎನ್ನದೆ ‘ಲಾಭ’ ಎಂದೇ ಕೂಗುತ್ತಿದ್ದ, ಆಮೇಲೆ ‘ಎರಡು, ಮೂರು’. ಬಸ್ಸಿನ ಡ್ರೈವರುಗಳಿಗೆಲ್ಲ ಅವನೆಂದರೆ ಇಷ್ಟ. ಬಸ್ಸು ಓಡಿಸಲು ಕಲಿಯಬೇಕೆಂದು ಬಲ್ಲಾಳರಲ್ಲಿ ಕೇಳಿ ಒಪ್ಪಿಸಿಯೂ ಆಗಿತ್ತು. ಅಷ್ಟರಲ್ಲಿ ಟಾಂಕಿಯ ಲೆಕ್ಕ ತಪ್ಪತೊಡಗಿತು. ಪ್ರತಿ ತಿಂಗಳೂ ಹದಿಮೂರು ಹದಿನಾಲ್ಕು ಗ್ಯಾಲನ್ ಪೆಟ್ರೋಲ್ ಮಾಯ. ಟಾಂಕಿ ಸೋರುತ್ತಿರಲಿಲ್ಲ. ಬೀಗದ ಕೈ ಮೂಸಾನ ಬಳಿ. ಇನ್ನೇನು ಹೇಳಬೇಕು? ಗಾಡಿಯವರಿಗೆ ಗ್ಯಾಲನ್ನಿಗೆ ಅರ್ಧ ಕುಡ್ತೆ ಹೆಚ್ಚು ಹೋಗುತ್ತಿತ್ತು. ಹೆಚ್ಚು ಸಿಕ್ಕಿದ್ದನ್ನು ಯಾವ ಮಗ ಬಂದು ಹೇಳುತ್ತಾನೆ?

ಪಂಪಿನದೇ ತಪ್ಪಿರಬಹುದೆಂದು ಮೂಸಾ ಹೇಳಿದ್ದ. ಬಲ್ಲಾಳರು ಶಂಭುವನ್ನು ಕರೆಸಿದರು. ಇಬ್ಬರೂ ನಿಂತು ಡಬ್ಬಕ್ಕೆ ಬಿಟ್ಟು ನೋಡಿದರು. ತುಂಬಿತು, ಸ್ವಲ್ಪ ಹೊರಗೂ ಚೆಲ್ಲಿತು; ಚೆಲ್ಲಿದ್ದನ್ನು ಯಾರೂ ಅಳೆಯಲಿಲ್ಲ. ಗಿರಾಕಿಗೆ ಕಡಿಮೆಯಾಗುವ ಪಂಪನ್ನು ಮಾತ್ರ ಅವರಿಬ್ಬರೂ ಕಂಡಿದ್ದರು, ಹೆಚ್ಚು ಕೊಡುವ ಪಂಪು ಇರಬಹುದೆಂದು ಯಾರ ಮನಸ್ಸಿಗೂ ಬರಲಿಲ್ಲ. ಊರವರು ದೈವಸ್ಥಾನದ ಎದುರು ಆಣೆ ಹಾಕಬೇಕೆಂದರು. ಶಂಭು ಮುಂದೆ ಹೋಗಿ ಕೈಮುಗಿದು, ಪಂಪು ಸರಿ ಉಂಟು, ನಾನೇ ಮಾಡಿದ್ದು, ಎಂದು ಪ್ರಮಾಣ ಮಾಡಿದ. ಮೂಸಾ ಒಪ್ಪಲಿಲ್ಲ. “ನಾನು ಅಲ್ಲಾಹನಿಗೆ ಹೇಳಿ ಆಗಿದೆ. ಪೆಟ್ರೋಲಿಗೆಲ್ಲ ಆಣೆ ಹಾಕುವವ ನಾನಲ್ಲ,” ಎಂದ. ಜನರಿಗೆ ಅಷ್ಟು ಸಾಕಾಯಿತು. ಬಲ್ಲಾಳರು ಪೊಲೀಸರಿಗೆ ಕೊಡಲಿಲ್ಲ, ಕೆಲಸದಿಂದ ಬಿಡಿಸಿದರು. ಅವನ ಜಾಗಕ್ಕೆ ಬಂದವನದು ಬಿಗಿ ಕೈ, ಪೆಟ್ರೋಲ್ ಕೊಳವೆಯ ಬಾಯಿಗೆ ಮುಟ್ಟುವ ಮೊದಲೇ ಹಿಡಿಕೆ ನಿಲ್ಲಿಸುತ್ತಿದ್ದ; ಟಾಂಕಿಯ ಲೆಕ್ಕ ಸರಿಬಂತು, ಕದ್ದವನು ಮೂಸಾನೇ ಎಂಬುದು ಗಟ್ಟಿಯಾಯಿತು. ಆ ಮೇಲೆ ಯಾವ ಬಸ್ಸಿನವರೂ ಅವನನ್ನು ಹತ್ತಿರ ಸೇರಿಸಲಿಲ್ಲ. ‘ಪೆಟ್ರೋಲ್ ಮೂಸಾ’ ಎಂಬ ಹೆಸರು ಮಾತ್ರ ಹತ್ತಿಕೊಂಡಿತು. ಹದಿಮೂರು ವರ್ಷಗಳಿಂದ ಅವನು ಮಡಂತ್ಯಾರಿನ ಸಂತೆಕಟ್ಟೆಯಲ್ಲಿ ಹರಿದ ಗೋಣಿ ಹೊಲಿಯುತ್ತ ಕೂತಿದ್ದ.

ಶಂಭು ಆ ಮಧ್ಯಾಹ್ನ ಉಣ್ಣಲಿಲ್ಲ. ರಾಜೀವಿ ವಿಷಯ ಕೇಳಿ ದನಿ ತಗ್ಗಿಸಿ ಹೇಳಿದಳು:

“ಹ್ಯಾಕ್ಸಾ ತಗೊಳ್ಳಿ. ಕಾಳಿನಷ್ಟು ಕೊಯ್ದು ಬಿಸಾಡಿ. ಬಲ್ಲಾಳರು ಬರ್ತಾರೆ, ಪಂಪು ಸರಿ ಇರ್ತದೆ, ಕತೆ ಮುಗೀತು. ದೈವದ ಎದುರು ಆಣೆ ಹಾಕಿದವರು ನೀವು. ಅದು ಸುಳ್ಳು ಅಂತ ನೀವೇ ಊರಲ್ಲಿ ಸಾರಿದರೆ ನಾಳೆ ನಿಮ್ಮ ಕೈಯ ಸೇರನ್ನು ಯಾರು ನಂಬ್ತಾರೆ? ದೈವದ ಸಿಟ್ಟು ಮಕ್ಕಳ ಮೇಲೆ ಬಂದರೆ ಎಂತ ಮಾಡ್ತೀರಿ?”

“ಸುಳ್ಳು ಅಂತ ದೈವಕ್ಕೆ ಆವಾಗಲೇ ಗೊತ್ತುಂಟು ಮಾರಾಯ್ತಿ. ಗೊತ್ತಿಲ್ಲದೆ ಇದ್ದದ್ದು ನನಗೆ ಮಾತ್ರ.”

“ಹಾಗಾದರೆ ದೈವಕ್ಕೆ ತಪ್ಪುಕಾಣಿಕೆ ಹಾಕಿ ಬನ್ನಿ. ಮೂಸಾನಿಗೆ ಯಾಕೆ ಹೇಳುದು? ಅವ ಮರೆತಿರ್ತಾನೆ.”

ಮರೆತಿರ್ತಾನೆ! ಹೇಳಿದವಳಿಗೇ ಆ ಮಾತಿನ ಮೇಲೆ ನಂಬಿಕೆ ಇರಲಿಲ್ಲ. ಶಂಭು ಹ್ಯಾಕ್ಸಾ ಕೈಗೆ ತೆಗೆದುಕೊಂಡದ್ದೂ ಹೌದು; ಸುಳ್ಳು ಯಾಕೆ ಹೇಳಬೇಕು. ಬ್ಲೇಡನ್ನು ಕೊಳವೆಯ ಬಾಯಿಗೆ ಇಟ್ಟ. ಎರಡು ಸಲ ಎಳೆದರೆ ಮುಗಿಯುತ್ತಿತ್ತು. ಆದರೆ ಹದಿಮೂರು ವರ್ಷದಿಂದ ಮಡಂತ್ಯಾರಿಗೆ ಹೋದಾಗಲೆಲ್ಲ ತಾನು ಸಂತೆಕಟ್ಟೆಯ ಆಚೆ ಬದಿಯಿಂದ ನಡೆಯುತ್ತಿದ್ದದ್ದು ನೆನಪಾಯಿತು. ಕಳ್ಳನ ಮುಖ ಯಾಕೆ ನೋಡಬೇಕೆಂದು. ಕಳ್ಳನ ಮುಖ! ಅವನಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು. ಬ್ಲೇಡು ಕೆಳಗಿಟ್ಟ.

ಮರುದಿನ ಬೆಳಗಿನ ಬಸ್ಸಿಗೆ ಮಡಂತ್ಯಾರಿನಲ್ಲಿ ಇಳಿದ. ಮೂಸಾ ದಬ್ಬಣ ಹಿಡಿದು ಗೋಣಿಯ ಬಾಯಿ ಹೊಲಿಯುತ್ತಿದ್ದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಶಂಭು ನೆಲದಲ್ಲೇ ಕೂತು, ಮೊದಲಿಂದ ಕಡೆಯವರೆಗೆ, ಅಕ್ಕಿ ಕಾಳಿನ ತನಕ ಎಲ್ಲ ಹೇಳಿದ.

ಮೂಸಾ ದಾರ ಕಡಿದು, ಗೋಣಿ ಮಡಚಿ ಬದಿಗಿಟ್ಟ.

“ನನ್ನ ಹತ್ರ ಹೇಳಿ ಎಂತ ಪ್ರಯೋಜನ ಆಚಾರ್ರೆ? ನಾನು ಕದಿಯಲಿಲ್ಲ ಅಂತ ನನಗೆ ಮೊದಲೇ ಗೊತ್ತುಂಟು.”

“ಮೂಸಾಕ, ನನ್ನದು ತಪ್ಪಾಯ್ತು. ಬೈದು ಬಿಡಿ. ಎರಡು ಹೊಡೀರಿ ಬೇಕಾದ್ರೆ.”

“ಬೈಯ್ಲಿಕ್ಕೂ ಆಗುದಿಲ್ಲವಲ್ಲ! ಕೆಟ್ಟದ್ದು ಮಾಡ್ಲಿಕ್ಕೆ ಹೋಗಿ ಮಾಡಿದ್ದಾದ್ರೆ ಬೈಬಹುದಿತ್ತು. ನೀವು ಒಳ್ಳೇದು ಮಾಡ್ಲಿಕ್ಕೆ ಹೋಗಿ ಮಾಡಿದ್ದು. ಅದಕ್ಕೆ ಎಂತ ಅಂತ ಬೈಯುದು?” ಮೂಸಾ ದಬ್ಬಣವನ್ನು ಗೋಣಿಗೆ ಚುಚ್ಚಿಟ್ಟ. “ಊರವರು ಹೇಳಿದ್ದು ನನಗೆ ದೊಡ್ಡದಲ್ಲ. ಬೀಪಾತುಮ್ಮ ಗೊತ್ತಲ್ಲ, ನನ್ನ ಹೆಂಡತಿ. ಅರವತ್ತರಲ್ಲಿ ತೀರಿಹೋದ್ಲು. ಜ್ವರದಲ್ಲಿ ಮಲಗಿದ್ದವಳು ನನ್ನ ಕೈ ಹಿಡಿದು ಕೇಳಿದ್ಲು, ‘ಈಗಾದ್ರೂ ನಿಜ ಹೇಳಿ, ಆ ಪೆಟ್ರೋಲ್ ಮಾರಿದ ದುಡ್ಡು ಯಾರಿಗೆ ಕೊಟ್ರಿ? ನಾನು ಬೈಯುದಿಲ್ಲ,’ ಅಂತ. ಒಂಬತ್ತು ವರ್ಷ ಅವಳು ಬಾಯಿ ಬಿಟ್ಟು ಕೇಳಿದವಳೇ ಅಲ್ಲ. ಒಳಗೆ ಇಟ್ಟುಕೊಂಡಿದ್ಲು. ನಾನು ಎಂತ ಹೇಳಿದ್ರೂ ನಂಬ್ಲಿಲ್ಲ. ಹಾಗೇ ಹೋದ್ಲು.”

ಶಂಭು ಮುಖ ಮುಚ್ಚಿಕೊಂಡು ಅತ್ತ. ಸಂತೆಯ ಜನ ನಿಂತು ನೋಡಿದರು. ಮೂಸಾ ಸಮಾಧಾನ ಮಾಡಲಿಲ್ಲ, ಎಬ್ಬಿಸಲೂ ಇಲ್ಲ. ಅವನು ಅತ್ತು ಮುಗಿಸಿದ ಮೇಲೆ ಕೇಳಿದ:

“ಬಲ್ಲಾಳರು ಯಾವಾಗ ಬರ್ತಾರೆ ಅಂದ್ರಿ?”

“ಭಾನುವಾರ.”

“ನಾನೂ ಬರ್ತೇನೆ. ಆ ಕೊಳವೆಯನ್ನು ಮುಟ್ಟಬೇಡಿ.”

ಭಾನುವಾರ ಸಂಜೆ ನಾಲ್ಕಕ್ಕೆ ಬಲ್ಲಾಳರ ಕಾರು ಬಂತು. ಅವರು ಜೈನರು, ನೇಮದವರು, ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವವರು. ಬೇಗ ನೋಡಿ ಹೊರಡುವ ಅಂದಾಜಿನಲ್ಲಿದ್ದರು. ಅಂಗಳದಲ್ಲಿ ಕೆಂಪಗೆ ನಿಂತ ಪಂಪನ್ನು ಕಂಡು ಅವರ ಮುಖ ಅರಳಿತು. “ಅಬ್ಬ, ನಮ್ಮಪ್ಪನೇ ಎದ್ದು ಬಂದ ಹಾಗೆ ಉಂಟಲ್ಲ ಶಂಭು!” ಎಂದರು. ಆಮೇಲೆ ಪಂಪಿನ ಪಕ್ಕದಲ್ಲಿ ನಿಂತಿದ್ದವನನ್ನು ಕಂಡರು.

“ಇವ ಯಾಕೆ ಇಲ್ಲಿ?”

“ಪಂಪು ಹೊಡೀಲಿಕ್ಕೆ, ಧಣಿಗಳೇ,” ಎಂದ ಶಂಭು. “ಇದನ್ನು ಸರಿಯಾಗಿ ಹೊಡೆದವರು ಅವರೊಬ್ಬರೇ.”

ಮೂಸಾ ಹಿಡಿಕೆಗೆ ಕೈ ಹಾಕಿದ. ಹದಿಮೂರು ವರ್ಷವಾದರೂ ಕೈಗೆ ಮರೆತಿರಲಿಲ್ಲ. ನೀರು ಮೇಲೇರಿತು, ಜಾಡಿ ತುಂಬಿತು, ಹೆಚ್ಚಾದದ್ದು ವಾಪಸು ಹೋಯಿತು. ಅವನು ಮೊದಲಿನ ದನಿಯಲ್ಲೇ, ಬೀದಿಗೆಲ್ಲ ಕೇಳುವ ಹಾಗೆ, “ಲಾಭ!” ಎಂದು ಕೂಗಿ ನೀರನ್ನು ಮೊಹರಿನ ಡಬ್ಬಕ್ಕೆ ಬಿಟ್ಟ. ಡಬ್ಬ ತುಂಬಿ ಚೆಲ್ಲಿದ ನೀರನ್ನು ಶಂಭು ಕುಡ್ತೆಯಲ್ಲಿ ಹಿಡಿದು ಬಲ್ಲಾಳರ ಎದುರಿಗೆ ಇಟ್ಟ. ಇನ್ನೊಂದು ಜಾಡಿ. “ಎರಡು!” ಮತ್ತೆ ಅರ್ಧ ಕುಡ್ತೆ. ಹತ್ತರ ತನಕ ಹೊಡೆದ. ಹತ್ತಾಗುವಾಗ ಬಲ್ಲಾಳರ ಎದುರು ಐದು ಕುಡ್ತೆ ನೀರು ತುಂಬಿ ನಿಂತಿತ್ತು. ಕಾಳಿನ ಪಾಲಿನ ಕತೆಯನ್ನೂ, ದೈವದ ಎದುರು ತಾನು ಮಾಡಿದ ಪ್ರಮಾಣವನ್ನೂ ಶಂಭು ನಿಂತೇ ಹೇಳಿದ, ಏನನ್ನೂ ಬಿಡಲಿಲ್ಲ.

ಬಲ್ಲಾಳರು ಬೆತ್ತದ ಕುರ್ಚಿಯಲ್ಲಿ ಕೂತುಬಿಟ್ಟರು. ಡ್ರೈವರು ಎರಡು ಸಲ ಬಂದು, ಹೊತ್ತಾಯ್ತು, ಊಟಕ್ಕೆ ತಡವಾಗ್ತದೆ ಎಂದ. ಅವರು ಕೈಸನ್ನೆಯಿಂದ ಕಳುಹಿಸಿದರು. ಬಿಸಿಲು ತೆಂಗಿನ ತಲೆಗೆ ಹೋಯಿತು, ಅಲ್ಲಿಂದಲೂ ಹೋಯಿತು. ಅವರಿಗೆ ಆ ದಿನದ ಊಟ ತಪ್ಪಿತು. ಅದು ಅವರಿಗೆ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು.

“ಕಡಿಮೆ ಉಂಟಾ ಅಂತ ಮಾತ್ರ ನೋಡಿದೆ ಅವತ್ತು,” ಎಂದರು ಕೊನೆಗೆ. “ಮೂಸಾ, ನಾಳೆ ಮಾಣಿಗೆ ಹೋಗುವ. ಜಂಕ್ಷನ್ನಿನಲ್ಲಿ ನಿಂತು ನಾನೇ ಹೇಳ್ತೇನೆ. ನಿನಗೆ ಏನಾದರೂ...”

“ಹೇಳಿ ಧಣಿಗಳೇ. ಹೇಳುದು ನಿಮ್ಮ ಧರ್ಮ. ಕೊಡುದು ಎಂತದೂ ಬೇಡ.”

“ಹಾಗಾದರೆ ಈ ಪಂಪು ನನಗೂ ಬೇಡ ಶಂಭು. ಇದನ್ನು ಚಾವಡಿಯಲ್ಲಿ ಇಟ್ಟುಕೊಂಡು ನಾನು ಬದುಕ್ಲಿಕ್ಕುಂಟಾ?” ಎಂದು ಅವರು ಎದ್ದು ಕಾರಿನ ಕಡೆಗೆ ನಡೆದರು.

ರಾಜೀವಿ ಬಾಗಿಲಲ್ಲಿ ನಿಂತಿದ್ದಳು. ಬೈಯಲಿಲ್ಲ. ಒಳಗಿಂದ ಬೆಲ್ಲ ನೀರು ತಂದು ಮೂಸಾನ ಎದುರಿಟ್ಟಳು. ಅವನು ಕುಡಿದು ಲೋಟ ಕೆಳಗಿಟ್ಟು ಹೇಳಿದ:

“ಈಗ ಕೊಯ್ಯಿರಿ ಆಚಾರ್ರೆ.”

ಶಂಭು ಜಾಡಿ ಬಿಚ್ಚಿ ಒಂದು ಕೊಳವೆಯನ್ನು ಹೊರಗೆ ತೆಗೆದ. ಅಕ್ಕಿ ಕಾಳು ಇಟ್ಟು ಗೆರೆ ಹಾಕಿ, ಹ್ಯಾಕ್ಸಾದಿಂದ ಕೊಯ್ದ. ಬಾಯಿಯ ಆ ತುಂಡು ಸಣ್ಣ ಉಂಗುರದ ಹಾಗೆ ಬಿಡಿಸಿಕೊಂಡು ಬಿತ್ತು. ಅವನು ಅದರ ಅಂಚನ್ನು ಅರದಿಂದ ನಯ ಮಾಡಿ ಮೂಸಾನ ಅಂಗೈಯಲ್ಲಿಟ್ಟ. ಮೂಸಾ ಅದನ್ನು ದೀಪದ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದ.

“ಇಷ್ಟೇಯಾ ಆಚಾರ್ರೆ?”

“ಇಷ್ಟೇ ಮೂಸಾಕ.”

ಮೂಸಾ ಉಂಗುರವನ್ನು ಮುಂಡಿನ ತುದಿಗೆ ಕಟ್ಟಿ, ಗಂಟನ್ನು ಎರಡು ಸಲ ಎಳೆದು ಬಿಗಿದ.

“ಶುಕ್ರವಾರ ಮಸೀದಿಗೆ ಹೋಗುವಾಗ ಅವಳ ಗೋರಿಯ ಹತ್ರ ಹೋಗ್ತೇನೆ,” ಎಂದ. “‘ಯಾರಿಗೆ ಕೊಟ್ರಿ ಅಂತ ಕೇಳಿದಿಯಲ್ಲ, ನೋಡು, ಇದಕ್ಕೆ ಕೊಟ್ಟೆ,’ ಅಂತ ಹೇಳ್ತೇನೆ.”